ಹೆಬ್ಬೆರಳಿನಷ್ಟು ಸಂದು

ತಮ್ಮನ ಕೆಂಪು ಸ್ಪೋರ್ಟ್ಸ್ ಕಾರು ಎಷ್ಟು ಕುಳ್ಳಗಿತ್ತೆಂದರೆ ಅದರಡಿ ನುಗ್ಗುವ ಮೊದಲು ಬೆಕ್ಕು ಕೂಡ ಒಮ್ಮೆ ನಿಂತು ಯೋಚಿಸುತ್ತಿತ್ತು. ಹಿಂದಿನ ಬ್ರೇಕು ಕಿರುಗುಟ್ಟುತ್ತದೆ, ಚಕ್ರ ಬಿಚ್ಚಿ ನೋಡುತ್ತೇನೆ ಎಂದು ಅವನು ಅದನ್ನು ಅಕ್ಕನ ಮನೆಯ ಶೆಡ್ಡಿಗೆ ತಂದು ನಿಲ್ಲಿಸಿದ್ದ. ಮೆಕ್ಯಾನಿಕ್ಕಿಗೆ ಕೊಡು ಎಂದರೆ ಕೇಳುವ ಆಸಾಮಿಯಲ್ಲ.

ಅವನದು ವಾಚು ರಿಪೇರಿ ಅಂಗಡಿ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಬಲಗೈಯೇ ಅವನ ಅನ್ನ. ಆ ಕೈ ಇವತ್ತು ಒಂದು ಟನ್ನಿಗೂ ಮೀರಿದ ಭಾರದಡಿ ಹೋಗುತ್ತದಲ್ಲ ಎಂಬುದೇ ಅಕ್ಕನ ಚಿಂತೆ. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಅಮ್ಮ ತೀರಿಹೋದ ಮೇಲೆ ದಿನಾ ಊಟಕ್ಕೆ ಮುಂಚೆ ತಮ್ಮನ ಎರಡೂ ಕೈ ತಿರುವಿ ನೋಡಿ, ತೊಳೆಯಲು ಅಟ್ಟಿ, ಬೆಳೆಸಿದವಳು. ಕಾರಿನ ಪುಸ್ತಕವನ್ನು ಅವಳು ಎರಡು ಸಲ ಓದಿದ್ದಳು. ತಮ್ಮ ಚಿತ್ರಗಳನ್ನು ನೋಡಿದ್ದ.

ಗೇರು ಹಾಕಿಸಿದಳು, ಹ್ಯಾಂಡ್‌ಬ್ರೇಕು ಎಳೆಸಿದಳು, ಮುಂದಿನ ಚಕ್ರಗಳ ಹಿಂದೆ ಮುಂದೆ ಮರದ ತುಂಡು ಒತ್ತಿ ಇಡಿಸಿದಳು. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಅಲುಗುತ್ತದೆಂದು, ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿಸಿದಳು. ಪುಸ್ತಕದಲ್ಲಿದ್ದಂತೆ ಹಿಂಭಾಗದ ನಡುವಿನ ಅಡ್ಡಪಟ್ಟಿಗೆ ಜ್ಯಾಕು ಕೊಟ್ಟು ಕಾರು ಎತ್ತಿದರು. ಆಮೇಲೆ ಅಕ್ಕ ಕಾರಿನ ಪಕ್ಕ ಒಂದು ಸ್ಕೇಲು ನಿಲ್ಲಿಸಿ, ಮೂರು ನಿಮಿಷ ಕಣ್ಣು ಕೀಳದೆ ನೋಡಿದಳು.

"ಜ್ಯಾಕು ಇಳೀತಿದೆ ಕಣೋ."

"ಎರಡು ಮಿಲಿಮೀಟರ್ ಅಕ್ಕಾ. ಅದಕ್ಕೂ ಪಾಠನಾ?"

"ನಿನ್ನ ಅಂಗಡೀಲಿ ಎರಡು ಮಿಲಿಮೀಟರ್ ಅಂದ್ರೆ ಮೈದಾನ. ಸ್ಟ್ಯಾಂಡ್ ಇಡು."

ಗೊಣಗುತ್ತಲೇ, ಪುಸ್ತಕ ತೋರಿಸಿದ್ದ ಎರಡೂ ಬದಿಯ ಗುರುತುಗಳಡಿ, ಜ್ಯಾಕು ಕೈಕೊಟ್ಟರೂ ಕಾರು ಹೊರುವ ಕಬ್ಬಿಣದ ಸ್ಟ್ಯಾಂಡು ತಳ್ಳಿದ. ಆದರೆ ಕಾರನ್ನು ಅವುಗಳ ಮೇಲೆ ಇಳಿಸಲಿಲ್ಲ. ಬಣ್ಣ ಗೀಚುತ್ತದಂತೆ. ಹೆಬ್ಬೆರಳಿನಷ್ಟು ಸಂದು ಬಿಟ್ಟ. ಆ ನೆಪವನ್ನೂ ಮುಗಿಸಿಬಿಡೋಣ ಎಂದು, ತಾನು ಬರುವವರೆಗೆ ಏನೂ ಮುಟ್ಟಬೇಡ ಎಂದು ಹೇಳಿ, ಅಕ್ಕ ಸ್ಟ್ಯಾಂಡಿನ ತಲೆಗೆ ಹಾಸಲು ಹಳೆಯ ರಬ್ಬರ್ ಚಾಪೆ ಕತ್ತರಿಸಿ ತರಲು ಒಳಗೆ ಹೋದಳು.

ಬರುವಷ್ಟರಲ್ಲಿ ಬಿಚ್ಚಿದ ಚಕ್ರ ಗೋಡೆಗೊರಗಿತ್ತು. ಐದು ನಟ್ಟುಗಳು, ಅಂಗಡಿಯ ರೂಢಿಯಂತೆ, ಒಂದು ಡಬ್ಬಿಯ ಮುಚ್ಚಳದಲ್ಲಿ ವೃತ್ತಾಕಾರವಾಗಿ ಕೂತಿದ್ದವು. ಅವಳನ್ನು ಕಂಡು ತಮ್ಮ ತಪ್ಪಿತಸ್ಥನಂತೆ ತಿರುಗಿದ. ಮೊಣಕಾಲು ಮುಚ್ಚಳಕ್ಕೆ ತಾಗಿತು. ಒಂದು ನಟ್ಟು ಉರುಳಿ ಕಾರಿನಡಿ ಸೇರಿತು.

ವಾಚಿನ ಕೆಲಸದಲ್ಲಿ ಕೆಳಗೆ ಬಿದ್ದ ಸ್ಕ್ರೂ ಹಿಂದೆ ಆ ಕ್ಷಣವೇ ಹೋಗದಿದ್ದರೆ ಅದು ಮತ್ತೆ ಸಿಕ್ಕುವುದಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ ಅವನನ್ನು ಕೇಳಲಿಲ್ಲ. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅವನು ಬೋರಲು ಬಿದ್ದು ಬಲಗೈಯನ್ನು ಭುಜದವರೆಗೆ ಒಳಗೆ ತೂರಿಸಿಯಾಗಿತ್ತು.

ಜ್ಯಾಕು ಉಸ್ಸೆಂದಿತು. ಕಾರು ಹೆಬ್ಬೆರಳಿನಷ್ಟು ಇಳಿದು, ಟಕ್ಕೆಂದು ಸ್ಟ್ಯಾಂಡುಗಳ ಮೇಲೆ ಕೂತಿತು.

ಅಕ್ಕ ಚಾಪೆಯ ತುಂಡುಗಳನ್ನು ಬಿಸಾಕಿ ಅವನ ಪಕ್ಕ ಮಂಡಿಯೂರಿದಳು.

"ನಟ್ಟು ಸಿಕ್ತು," ಎಂದ ತಮ್ಮ, ನೆಲದಿಂದಲೇ.

"ಮೊದಲು ಕೈ ತೆಗಿ."

ತೆಗೆದ. ಎದ್ದು ಕೂತು ಸ್ಟ್ಯಾಂಡನ್ನೇ ನೋಡಿದ. ಅದು ಕಚ್ಚಿದ ಕಡೆ ಬಣ್ಣ ಉಗುರಿನುದ್ದ ಗೀಚಿಹೋಗಿತ್ತು. ಅವನು ಅದರ ಮಾತೆತ್ತಲಿಲ್ಲ.

"ಕೈ ತೋರಿಸು."

ಚಾಚಿದ. ಅಕ್ಕ ಅಂಗೈ, ಹಿಂಗೈ ತಿರುವಿ, ಒಂದೊಂದೇ ಬೆರಳು ಮಡಿಸಿ ನೋಡಿದಳು.

"ಇನ್ನೊಂದು."

"ಇದು ಒಳಗೇ ಹೋಗಿರ್ಲಿಲ್ಲ ಅಕ್ಕಾ."

"ತೋರಿಸು ಅಂದೆ."

ತೋರಿಸಿದ.

"ಹೋಗಿ ತೊಳ್ಕೊ."

ನಲವತ್ತೆರಡು ವರ್ಷದ ತಮ್ಮ ಎದ್ದು ಕೈ ತೊಳೆಯಲು ಹೋದ. ಅಕ್ಕ ಸ್ಕೇಲನ್ನು ಮತ್ತೆ ಕಾರಿನ ಪಕ್ಕ ನಿಲ್ಲಿಸಿದಳು. ಸ್ಕೇಲು ಓರೆಯಾಗಿ ನಿಂತಿದ್ದುದರಿಂದ ಮೊದಲನೆಯ ಅಳತೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೆಯ ಸಲ ಮೂರು ನಿಮಿಷ ಕಾದಳು. ಕಾರು ಕದಲಲಿಲ್ಲ.