ಉಗಿಯಂತ್ರದ ಪ್ರಸ್ಥಾನ

೧೯೧೨ರ ಬೇಸಿಗೆ. ನೀರೆತ್ತುವ ಉಗಿಯಂತ್ರವೊಂದು ಹೊಸಪೇಟೆಯ ರೈಲ್ವೆ ಅಂಗಳದಲ್ಲಿ ಬಂದಿಳಿದು ನಾಲ್ಕು ದಿನವಾಗಿತ್ತು. ಶನಿವಾರ ಸಂಜೆ ದೊಡ್ಡ ಸಾಹೇಬರು ಕಂಪ್ಲಿಗೆ ಬರುವ ಹೊತ್ತಿಗೆ ಅದು ಅಲ್ಲಿನ ಹೊಳೆದಂಡೆಯಲ್ಲಿ ನಿಂತಿರಬೇಕು. ನಿಂತಿದ್ದರೆ ಮುನಶಿ ವ್ಯಾಸರಾಜರ ಕೆಲಸ ಖಾಯಂ ಎಂದು ಇಂಜಿನಿಯರ್ ಡೊನೆಲನ್ ಮಾತು ಕೊಟ್ಟಿದ್ದರು. ಹನ್ನೊಂದು ವರ್ಷ ಹಂಗಾಮಿಯಾಗಿಯೇ ಸವೆದ ವ್ಯಾಸರಾಜರು ಆ ವಾರವೆಲ್ಲ ಯಂತ್ರದ ಸುತ್ತಲೇ ಇದ್ದರು.

ಡೊನೆಲನ್ ಐರ್ಲೆಂಡಿನವರು. ಅವರಿಗೆ ಕನ್ನಡ ಕಲಿಸಿದ್ದು ವ್ಯಾಸರಾಜರೇ. ಪಾಠದ ನಡುವೆ ಸಾಹೇಬರ ತಾಯ್ನುಡಿಯ ಮಾತೂ ಬಂದಿತ್ತು. ಅಲ್ಲಿನ ವ್ಯಾಕರಣದಲ್ಲಿ ಹುಡುಗಿ ಎಂಬ ಪದ ಗಂಡಂತೆ, ಬೀಜದ ಕುದುರೆ ಎಂಬುದು ಹೆಣ್ಣಂತೆ. ಆದರೂ ಹುಡುಗಿಯ ಸುದ್ದಿ ಆಡುವಾಗ ಅವಳು ಎಂದೇ ಅನ್ನಬೇಕಂತೆ. ದೋಣಿ, ಗಾಡಿ, ಯಂತ್ರ ಎಲ್ಲವೂ ಅವಳೇ. ಇದನ್ನು ಗೊತ್ತುಮಾಡಿದವರು ಯಾರು ಎಂದು ಕೇಳಿದ್ದಕ್ಕೆ, ಯಾರೂ ಇಲ್ಲ, ನಮ್ಮಜ್ಜಿ ಹಾಗೆ ಅನ್ನುತ್ತಿದ್ದಳು ಎಂದಿದ್ದರು. ಆ ದಿನ ವ್ಯಾಸರಾಜರಿಗೆ ಊಟ ಸೇರಲಿಲ್ಲ.

ಗುರುವಾರ ಮಧ್ಯಾಹ್ನ ಪಾಪಿನಾಯಕನಹಳ್ಳಿಯ ಹುಲುಗಪ್ಪ ಯಂತ್ರ ಎಳೆಸಲು ಹದಿನಾರು ಎತ್ತು ಹೊಡೆದುಕೊಂಡು ಬಂದ. ಡೊನೆಲನ್ ಯಂತ್ರದ ಹೊಟ್ಟೆ ತಟ್ಟಿ ಹೇಳಿದರು: “ಆಕೆ ಬಹಳ ನಾಜೂಕಿನವಳು. ಆಕೆಗೆ ನೀರಡಿಕೆ ಜಾಸ್ತಿ. ನಾಳೆ ಆಕೆ ಕಂಪ್ಲಿಗೆ ಹೋಗುತ್ತಾಳೆ.”

ಹುಲುಗಪ್ಪ ಎತ್ತುಗಳ ಕೊರಳ ಹಗ್ಗ ಬಿಚ್ಚತೊಡಗಿದ. “ನಾಳೆ ಶುಕ್ರವಾರ ಐತ್ರಿ. ಶುಕ್ರವಾರ ಹೆಣ್ಮಗಳನ್ನ ಹೊರಗ ಕಳಸಂಗಿಲ್ಲ.”

“ಕಬ್ಬಿಣ ಐತೋ ಅದು,” ಎಂದರು ವ್ಯಾಸರಾಜರು.

“ಇರ್ಲಿ ಬಿಡ್ರಿ. ಎಲ್ಲಾರ ಮನ್ಯಾಗೂ ಹೆಣ್ಮಕ್ಕಳು ಒಂದ ನಮೂನಿ ಇರ್ತಾರೇನು?”

ಒಂದು ಸಲ ‘ಅದು’ ಎಂದುಬಿಡಿ ಸಾಕು ಎಂದು ವ್ಯಾಸರಾಜರು ಸಾಹೇಬರನ್ನು ಬೇಡಿಕೊಂಡರು. ಡೊನೆಲನ್ ಮುಖ ಕೆಂಪಾಯಿತು. ತೋಳು ಹಿಡಿದು ಗೋದಾಮಿನ ಮರೆಗೆ ಕರೆದೊಯ್ದು, “ಆಕೆಯ ಎದುರಿಗೆ ಇಂಥ ಮಾತು ಬೇಡ,” ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಆಗ ವ್ಯಾಸರಾಜರಿಗೆ ಪ್ರಸ್ಥಾನ ನೆನಪಾಯಿತು. ಹೊರಡುವ ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಪ್ರಯಾಣದ ಒಂದು ಗಂಟನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಸಾಕು, ಪ್ರಯಾಣ ಅಂದೇ ಶುರುವಾದ ಲೆಕ್ಕ. ಹುಲುಗಪ್ಪನೂ ಒಪ್ಪಿದ. ಹೊತ್ತು ಮುಳುಗುವುದರೊಳಗೆ ಗಂಟಿನ ಬದಲು ಯಂತ್ರದ ಹೊಗೆಕೊಳವೆ ಬಿಚ್ಚಿ, ಕಳುವಾದೀತೆಂಬ ಅಂಜಿಕೆಯಿಂದ ವ್ಯಾಸರಾಜರು ಅದನ್ನು ತಮ್ಮ ಮನೆಗೇ ಹೊರಿಸಿದರು. ಹೆಂಡತಿ ರಾಧಾಬಾಯಿ, ಬಂದದ್ದು ಯಾರೆಂದು ತಿಳಿದು, ಚಾಪೆ ಹಾಸಿ ಅರಿಸಿನ ಕುಂಕುಮ ಹಚ್ಚಿದರು.

ಶುಕ್ರವಾರ ಬೆಳಿಗ್ಗೆ ಎತ್ತುಗಳು ಯಂತ್ರವನ್ನು ಎಳೆದುಕೊಂಡು ಕಮಲಾಪುರದ ದಾರಿ ಹಿಡಿದವು. ವ್ಯಾಸರಾಜರು ಕೊಳವೆ ಒಯ್ಯಲು ಮನೆಗೆ ಬಂದರೆ ರಾಧಾಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದರು.

“ಕುಂಕುಮ ಹಚ್ಚಿಸಿಕೊಂಡಾಕಿ. ಶುಕ್ರವಾರ ನಮ್ಮ ಹೊಸಲಿ ದಾಟಂಗಿಲ್ಲ.”

“ಅಕಿ ನಿನ್ನೆ ಸಂಜಿಗೇ ಹೊಂಟಾಳ. ಅದಕ್ಕಂತನ ಪ್ರಸ್ಥಾನ ಇಟ್ಟದ್ದು.”

“ಅದು ಅಂಗಳದಾಗ ಇದ್ದಾಕಿಗೆ. ಇಕಿ ನಮ್ಮನ್ಯಾಗ ಮಲಗಿ ಎದ್ದಾಳ.”

ಹನ್ನೊಂದು ವರ್ಷದ ಹಂಗಾಮಿ ಬದುಕನ್ನು ವ್ಯಾಸರಾಜರು ಮತ್ತೊಮ್ಮೆ ಹೇಳಿದರು. ರಾಧಾಬಾಯಿ ಕೇಳಿಸಿಕೊಂಡರು, ಕದಲಲಿಲ್ಲ.

ಶನಿವಾರ ನಸುಕಿನಲ್ಲೇ ಅಕ್ಕಿ, ತೆಂಗಿನಕಾಯಿ, ಖಣ ಇಟ್ಟು ಕೊಳವೆಗೆ ಉಡಿ ತುಂಬಿದ್ದಾಯಿತು. ಒಬ್ಬಳನ್ನೇ ಕಳಿಸುವಂತಿಲ್ಲ ಎಂದು ರಾಧಾಬಾಯಿಯೂ ಗಾಡಿ ಹತ್ತಿದರು. ಕಂಪ್ಲಿ ಮುಟ್ಟಿದಾಗ ಬಿಸಿಲು ಇಳಿದಿತ್ತು. ತಲೆಯಿಲ್ಲದ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ದೊಡ್ಡ ಸಾಹೇಬರು ಗಡಿಯಾರ ನೋಡುತ್ತಿದ್ದರು.

ತಪ್ಪು ಯಾರದು ಎಂದು ದೊಡ್ಡ ಸಾಹೇಬರು ಕೇಳಿದರು. ಆಕೆ ಸಮಯಕ್ಕೆ ಸರಿಯಾಗಿಯೇ ಬಂದಿದ್ದಾಳೆ, ಸಾಮಾನು ಮಾತ್ರ ಹಿಂದಿನಿಂದ ಬಂತು ಎಂದರು ಡೊನೆಲನ್. ದೊಡ್ಡ ಸಾಹೇಬರಿಗೆ ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು. ಅವರು ತಲೆಯಾಡಿಸಿ ಗಡಿಯಾರ ಜೇಬಿಗೆ ಹಾಕಿಕೊಂಡರು.

ಕೊಳವೆ ಕೂಡಿಸಿ ಬೆಂಕಿ ಹಾಕಿದರು. ನೀರು ಮೇಲೆ ಬಂತು. ಖಾಯಂ ಆದೇಶಕ್ಕೆ ಸಹಿಯೂ ಬಿತ್ತು; ಆದರೆ ಕೆಲಸ ಹೊಸಪೇಟೆಯಲ್ಲಲ್ಲ, ಕಂಪ್ಲಿಯಲ್ಲಿ. ಊರು ಆಕೆಗೆ ಹೊಸದು, ಮೊದಲ ವರ್ಷ ತವರಿನವರು ಯಾರಾದರೂ ಹತ್ತಿರವಿರಬೇಕು ಎಂದು ಡೊನೆಲನ್ ಕಾರಣ ಬರೆಸಿದ್ದರು.

ವ್ಯಾಸರಾಜರು ಕಾಗದವನ್ನು ಹೆಂಡತಿಗೆ ಓದಿ ಹೇಳಿದರು.

“ಮತ್ತ? ಇಲ್ಲಿ ಒಬ್ಬಾಕಿನ್ನ ಬಿಟ್ಟು ಹೋಗೂದೇನು?” ಎಂದು ರಾಧಾಬಾಯಿ ಬಾಡಿಗೆ ಮನೆ ಕೇಳಲು ಊರೊಳಗೆ ನಡೆದರು.