ಗಾಳಿಯಿಲ್ಲದ ಹಾಲ್‌ನಲ್ಲಿ ಅಲುಗಿದ ನೆಟ್

ನಾನು ಒಂದು ಬ್ಯಾಡ್ಮಿಂಟನ್ ನೆಟ್. ಬಲೆ ಎಂದು ಕರೆಯಬೇಡಿ, ಸಿಟ್ಟು ಬರುತ್ತದೆ. ನಾನು ಯಾವ ಮೀನನ್ನೂ ಹಿಡಿದಿಲ್ಲ. ಯಂತ್ರವೊಂದು ಕಂದು ನೂಲಿನಲ್ಲಿ ನನ್ನನ್ನು ಹೆಣೆಯಿತು. ಹೆಂಗಸೊಬ್ಬಳು ನೆತ್ತಿಗೆ ಬಿಳಿ ಪಟ್ಟಿ ಹೊಲಿದಳು. ಹುಬ್ಬಳ್ಳಿಯ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ನನ್ನನ್ನು ತಾಲ್ಲೂಕಿನ ನೌಕರರ ಕ್ಲಬ್ಬಿಗೆ ತಂದವರು ಹೈಸ್ಕೂಲಿನ ಪಿ.ಟಿ. ಮಾಸ್ತರ್ ಚನ್ನಬಸಪ್ಪ.

ಅಲ್ಲಿಗೆ ಆಟ ಕಲಿಯಲು ಬಂದವರು ಸರ್ಕಾರಿ ಆಸ್ಪತ್ರೆಯ ನರ್ಸ್ ಕಸ್ತೂರಿ. ವಯಸ್ಸು ನಲವತ್ತರ ಹತ್ತಿರ. ಮೊದಮೊದಲು ರೊಟ್ಟಿ ಬಡಿದಂತೆ ರ‍್ಯಾಕೆಟ್ ಬೀಸುತ್ತಿದ್ದರು. ಶಟಲ್ ನೇರ ನನ್ನ ಹೊಟ್ಟೆಗೆ. ಮಾಸ್ತರ್ ಬೈಯಲಿಲ್ಲ. ಸರ್ವ್ ಸೊಂಟದ ಕೆಳಗಿನಿಂದ, ಅದೂ ಓರೆಯಾಗಿ ಎದುರಿನ ಅಂಕಣಕ್ಕೆ ಎಂದು ತೋರಿಸಿದರು. ಹಿಂದಿನ ಗೆರೆಯವರೆಗೆ ಎತ್ತಿ ಹೊಡೆಯುವುದು, ನನ್ನನ್ನು ದಾಟಿದ ಕೂಡಲೇ ಬೀಳಿಸುವ ಡ್ರಾಪ್, ಕೊನೆಗೆ ಸ್ಮ್ಯಾಶ್, ಎಲ್ಲವನ್ನೂ ತಾಳ್ಮೆಯಿಂದ ಕಲಿಸಿದರು.

"ರ‍್ಯಾಕೆಟ್ ನೆಟ್ಟಿಗೆ ಹತ್ತಿತಂದ್ರ ಪಾಯಿಂಟ್ ಎದುರಿನವರಿಗೆ ಹೋತು ನೋಡ್ರಿ ಸಿಸ್ಟರ್. ಯಾರೂ ನೋಡದಿದ್ರೂ ನಾವ ಒಪ್ಕೋಬೇಕು," ಎಂದರು ಒಮ್ಮೆ. ಆ ಮಾತಿಗೆ ನಾನು ಉಬ್ಬಿಹೋದೆ.

ನೌಕರರ ಕ್ರೀಡಾಕೂಟ ಬಂತು. ಗೆದ್ದವರು ಜಿಲ್ಲೆಗೆ ಹೋಗಬೇಕು. ಅವರಿಗೆ ಬೆನ್ನ ಮೇಲೆ ಹೆಸರಿರುವ ಅಂಗಿ ಕೊಡುತ್ತಾರೆ.

"ಸಾಲ್ಯಾಗ ಆಟದ ದಿನ ನಮಗ ರಂಗೋಲಿ ಹಾಕಾಕ ಹಚ್ಚತಿದ್ರು ಮಾಸ್ತರ. ಒಮ್ಮೆರ ಆ ಅಂಗಿ ಹಾಕ್ಕೋಬೇಕ್ರಿ," ಎಂದಿದ್ದರು ಸಿಸ್ಟರ್. ಆಸ್ಪತ್ರೆಯ ಪಾಳಿ ಮುಗಿಸಿ, ಊಟ ಬಿಟ್ಟು ಬಂದು ಅಭ್ಯಾಸ ಮಾಡಿದರು. ಫೈನಲ್‌ಗೂ ಬಂದರು.

ಎದುರಾಳಿ ತಾಲ್ಲೂಕಿನ ಶಿಕ್ಷಣಾಧಿಕಾರಿ ಮೇಡಮ್. ಸ್ವಂತ ಊರಿಗೆ ವರ್ಗ ಬೇಕೆಂದು ಮಾಸ್ತರ್ ಶಿಫಾರಸಿಗಾಗಿ ಅವರ ಕಚೇರಿಯ ಮೆಟ್ಟಿಲು ಸವೆಸುತ್ತಿದ್ದರು. ಅಂಪೈರ್ ಕುರ್ಚಿಯಲ್ಲಿ ಕುಳಿತವರೂ ಅದೇ ಮಾಸ್ತರ್.

ಕೊನೆಯ ಗೇಮ್. ಸಿಸ್ಟರ್ ಇಪ್ಪತ್ತು, ಮೇಡಮ್ ಹತ್ತೊಂಬತ್ತು. ಒಂದೇ ಪಾಯಿಂಟ್ ಬಾಕಿ. ಸಿಸ್ಟರ್ ಚೆಂದದ ಡ್ರಾಪ್ ಹಾಕಿದರು. ಮೇಡಮ್ ಓಡಿ ಬಂದು ಎತ್ತಿದರು, ಎತ್ತುವಾಗ ರ‍್ಯಾಕೆಟ್ ನನ್ನ ಮೈಗೆ ಬಡಿಯಿತು. ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ನಡುಗಿದೆ. ಸಿಸ್ಟರ್ ಕೈ ಕೆಳಗಿಳಿಸಿ ನಿಂತರು. ಶಟಲ್ ಅವರ ಕಾಲ ಬಳಿ ಬಿತ್ತು.

"ಮಾಸ್ತರ, ನೆಟ್ಟಿಗೆ ಹತ್ತಿತಲ್ರಿ?"

ಮೇಡಮ್ ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದರು. ಮಾಸ್ತರ್ ನನ್ನನ್ನು ನೋಡಿದರು. ನಾನಿನ್ನೂ ಅಲುಗುತ್ತಲೇ ಇದ್ದೆ.

"ಗಾಳಿಗೆ ಅಳ್ಳಾಡೇತ್ರಿ. ಇಪ್ಪತ್ತು ಇಪ್ಪತ್ತು. ಆಡ್ರಿ."

ಶಟಲ್ ಅಲೆಯಬಾರದೆಂದು ಬೆಳಿಗ್ಗೆ ಹಾಲ್‌ನ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದವನೇ ಅವನು. ಹೌದು, ಅವನು. ಅಂದಿನಿಂದ ನನ್ನ ಬಾಯಲ್ಲಿ ಅವನಿಗೆ ಬಹುವಚನ ಬರುವುದಿಲ್ಲ.

ಮುಂದಿನ ಎರಡು ಪಾಯಿಂಟ್‌ಗಳಲ್ಲಿ ಸಿಸ್ಟರ್ ಆಡಲೇ ಇಲ್ಲ, ಸುಮ್ಮನೆ ಕೈ ಬೀಸಿದರು. ಮೇಡಮ್ ಗೆದ್ದರು. ಸಿಸ್ಟರ್ ಕೈ ಕುಲುಕಿ ಹೊರಟವರು ಮತ್ತೆ ಆ ಹಾಲ್‌ಗೆ ಕಾಲಿಡಲಿಲ್ಲ. ಅವರ ದಾರಿ ನೋಡಿ ನೋಡಿ ನಾನು ಜೋತುಬಿದ್ದೆ.

ಅವನಿಗೆ ವರ್ಗವಾಯಿತು. ಹಳೆಯದಾಯಿತೆಂದು ಹೇಳಿ ನನ್ನನ್ನೂ ಸಾಮಾನಿನ ಜೊತೆ ಹೊತ್ತೊಯ್ದ. ಈಗ ಅವನ ಹಿತ್ತಲಲ್ಲಿ, ಪಕ್ಕದ ಮನೆಯ ಕೋಳಿಗಳು ಮೆಂತ್ಯದ ಮಡಿಗೆ ನುಗ್ಗದಂತೆ ಬೇಲಿಯಾಗಿದ್ದೇನೆ. ನೆತ್ತಿಯ ಪಟ್ಟಿ ಕೊಳೆತಿದೆ.

ಮೊನ್ನೆ ಸೊಪ್ಪು ಕೀಳುತ್ತ ಅವನ ಹೆಂಡತಿ ಕೇಳಿದಳು: "ನೀವು ಆಟ ಕಲಿಸ್ತಿದ್ರಲ್ಲ, ಆ ಸಿಸ್ಟರ್ ಈಗೂ ಆಡ್ತಾರೇನ್ರಿ?"

"ಎಲ್ಲಿ ಆಟ! ಎಷ್ಟ್ ಹೇಳಿಕೊಟ್ರೂ ಆಕಿ ತಲಿಗೆ ರೂಲ್ಸ್ ಹತ್ತಲಿಲ್ಲ ಬಿಡು," ಎಂದ.

ಅಲ್ಲೇ ಹರಿದುಬಿದ್ದು ಅವನ ಮೆಂತ್ಯವನ್ನೆಲ್ಲ ಕೋಳಿಗಳಿಗೆ ಒಪ್ಪಿಸಿಬಿಡಬೇಕು ಅನ್ನಿಸಿತು. ಏನು ಮಾಡಲಿ, ನೈಲಾನ್ ನೂಲು. ಇನ್ನೂ ಹತ್ತು ವರ್ಷ ಅವನ ಸೊಪ್ಪು ಕಾಯುತ್ತೇನೆ.