ಫೆನಿಕ್ ಬಯಲು ದಾಟುವ ಮೊದಲು

ಬಾವುಟ ಎರಡು ಮಂಚದ ಹೊದಿಕೆಯಷ್ಟು ಅಗಲವಿತ್ತು. ಸ್ಯಾಂಡಿ ಪರ್ಡಿ ಅದನ್ನು ಬಸ್ಸಿನ ಪಕ್ಕ ನಿಂತು ಬಿಡಿಸಲು ಹೋದ. ಗಾಳಿಗೆ ಅದು ಅವನ ಮುಖಕ್ಕೇ ಸುತ್ತಿಕೊಂಡಿತು. ಒಳಗಿನಿಂದಲೇ ಬೈದು, ಕಿತ್ತು, ಮತ್ತೆ ಬಿಡಿಸಿದ. ನೀಲಿ ಬಟ್ಟೆಯ ಮೇಲೆ ಬಿಳಿ ಅಕ್ಷರಗಳಲ್ಲಿ 'ಬೇಡ, ಧನ್ಯವಾದ' ಎಂದಿತ್ತು. ಅದರ ಕೆಳಗೆ 'ಕಮ್ನಾಕ್ ರೇಂಜರ್ಸ್ ಬಸ್ಸು' ಎಂದು ಅವನ ಹೆಂಡತಿ ಮಷಿನ್ನಿನಲ್ಲಿ ಹೊಲಿದು ಕೊಟ್ಟಿದ್ದಳು.

ಇಶ್‌ಬೆಲ್ ಗೆಮ್ಮೆಲ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಹತ್ತುವವರ ಚೀಲಗಳನ್ನು ಮೂಸಿ ನೋಡುತ್ತಿದ್ದಳು. ರೇಂಜರ್ಸ್ ತಂಡದ ಫುಟ್‌ಬಾಲ್ ಪಂದ್ಯಕ್ಕೆ ಹೋಗುವ ಅಭಿಮಾನಿಗಳ ಬಸ್ಸಿನಲ್ಲಿ ಕುಡಿಯುವ ಸರಕು ಸಿಕ್ಕರೆ ಪೊಲೀಸರು ಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಅವಳು ಐರನ್ ಬ್ರೂ ಸೋಡಾ ಬಾಟಲಿಯ ಮುಚ್ಚಳವನ್ನೂ ತೆಗೆಸುತ್ತಿದ್ದಳು.

"ಇದೇನೋ, ಕೆಮ್ಮಿನ ಔಷಧಿ ವಾಸನೆ ಬರ್ತಿದೆ?"

"ಕೆಮ್ಮಿದೆ ಇಶ್‌ಬೆಲ್."

"ಹಾಗಾದ್ರೆ ಮನೇಲಿ ಹೊದ್ಕೊಂಡು ಮಲಗು." ಬಾಟಲಿಯಲ್ಲಿದ್ದದ್ದು ಚರಂಡಿ ಸೇರಿತು. ಕೆಮ್ಮು ಅಲ್ಲೇ ವಾಸಿಯಾಗಿ ಬಾಟಲಿಯವನು ಬಸ್ಸು ಹತ್ತಿದ.

ಕಮ್ನಾಕ್ ಊರಿನ ಈ ಬಸ್ಸಿಗೆ ಅವಳೇ ಸಂಚಾಲಕಿ. ಮೊದಲು ಅವಳ ಅಪ್ಪ ನಡೆಸುತ್ತಿದ್ದ. ಅವನದು ಕಲ್ಲಿದ್ದಲು ಗಣಿಗೆ ಇಳಿದು ದುಡಿದ ದೇಹ. ಶನಿವಾರ ಬಂತೆಂದರೆ ನೀಲಿ ಸ್ಕಾರ್ಫ್ ಸುತ್ತಿಕೊಂಡು ಇದೇ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ. ಅವನು ಹೋದ ಮೇಲೆ ಬಸ್ಸಿನ ಮೈಕು ಮಗಳ ಕೈಗೆ ಬಂತು. ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ಎತ್ತಿ ಸೊಂಟ ಹಿಡಿದುಕೊಂಡಿದ್ದರೂ ಶನಿವಾರ ಅವಳಿಗೆ ನೋವು ಗೊತ್ತಾಗುತ್ತಿರಲಿಲ್ಲ. ಅವಳಿಗೆ ಆ ಮೈಕೆಂದರೆ ಪ್ರಾಣ. ಇವತ್ತು ಅದು ಕೈಬಿಟ್ಟು ಹೋಗಬಹುದು ಎಂದು ಅವಳಿಗೆ ಗೊತ್ತಿತ್ತು.

"ಇಶ್‌ಬೆಲ್, ಆ ತುದಿ ಹಿಡ್ಕೋ," ಸ್ಯಾಂಡಿ ಕೂಗಿದ. "ಕಿಟಕಿಗೆ ಕಟ್ಬಿಡೋಣ. ಗ್ಲಾಸ್ಗೋ ಪೂರ್ತಿ ನೋಡ್ಲಿ."

"ಮಡಚಿಡು. ಬಸ್ಸಿನ ವಿಷಯ ಬಸ್ಸಲ್ಲೇ ತೀರ್ಮಾನ ಆಗ್ಬೇಕು."

"ಇದಕ್ಕೂ ತೀರ್ಮಾನನಾ? ಈ ಬಸ್ಸಲ್ಲಿ 'ಹೌದು' ಅನ್ನೋನು ಯಾವನಿದಾನೆ?"

ಸ್ಕಾಟ್ಲೆಂಡ್ ಲಂಡನ್ನಿನ ಆಳ್ವಿಕೆ ಬಿಟ್ಟು ಬೇರೆ ದೇಶವಾಗಬೇಕೇ ಎಂದು ಜನರನ್ನೇ ಕೇಳುವ ಮತದಾನ ಮುಂದಿನ ಗುರುವಾರವಿತ್ತು. ಹೌದು ಅಥವಾ ಬೇಡ, ಎರಡರಲ್ಲಿ ಒಂದು. ಯಾವ ಕ್ರೈಸ್ತ ಪಂಗಡದ ಶಾಲೆಗೆ ಹೋದೆ ಎಂದು ಕೇಳಿದರೆ ತಂಡ ಗೊತ್ತಾಗುತ್ತದೆ, ತಂಡ ಗೊತ್ತಾದರೆ ಬಾಕಿ ಎಲ್ಲವೂ ಗೊತ್ತಾಗುತ್ತದೆ ಎಂಬುದು ಈ ಸೀಮೆಯವರ ಹಳೆಯ ಲೆಕ್ಕ. ಈ ಸಲ ಅದಕ್ಕೆ ವೋಟನ್ನೂ ಸೇರಿಸಿಕೊಂಡಿದ್ದರು. ಎದುರಾಳಿ ತಂಡ ಸೆಲ್ಟಿಕ್‌ನ ಹಸಿರು ಕಂಡರೆ 'ಹೌದು', ರೇಂಜರ್ಸ್‌ನ ನೀಲಿ ಕಂಡರೆ 'ಬೇಡ'. ಅದಕ್ಕೇ ಇಶ್‌ಬೆಲ್‌ಳನ್ನು ಯಾರೂ ಕೇಳಿರಲಿಲ್ಲ. ಅವಳ ಮನೆಯ ಗೋಡೆಯ ಮೇಲೆ ರಾಣಿಯ ಫೋಟೋ ಇತ್ತು, ಬಾಗಿಲ ಪಕ್ಕ ತಂಡದ ಲಾಂಛನವಿತ್ತು. ಇನ್ನು ಕೇಳುವುದೇನು?

ಬೆಳಿಗ್ಗೆ ಟೋಸ್ಟ್ ಕಚ್ಚುತ್ತಾ ಮಗಳು ಐಲ್ಸಾ ಮಾತ್ರ ಕೇಳಿದ್ದಳು. ಈ ಸಲ ಹದಿನಾರು ವರ್ಷದವರಿಗೂ ವೋಟಿನ ಹಕ್ಕು ಕೊಟ್ಟಿದ್ದರಿಂದ ಅವಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. "ಅಮ್ಮಾ, ನೀನು 'ಹೌದು' ಅಂತ ಬಸ್ಸಲ್ಲಿ ಹೇಳಿದ್ದೀಯಾ?"

"ಬಸ್ಸಲ್ಲಿ ಫುಟ್‌ಬಾಲ್ ಮಾತಾಡ್ತೀವಿ."

"ಹೆದ್ರಿಕೆ ಅನ್ನು."

"ನಿಮ್ಮಮ್ಮ ಹೆದ್ರಿದ್ದು ನೋಡಿದ್ದೀಯೇನೇ? ತಟ್ಟೆ ತೊಳೆದಿಡು," ಎಂದು ಹೇಳಿ ಇಶ್‌ಬೆಲ್ ಕೋಟು ಹಾಕಿಕೊಂಡಿದ್ದಳು. ಆದರೆ ಬಸ್ ನಿಲ್ದಾಣಕ್ಕೆ ನಡೆದು ಬರುವಷ್ಟರಲ್ಲಿ ಅವಳ ಮನಸ್ಸು ಗಟ್ಟಿಯಾಗಿತ್ತು. ಯಾರೂ ಕೇಳದಿದ್ದರೆ ತಾನು ಹೇಳಬೇಕಾಗಿಲ್ಲ, ಸರಿ. ಕೇಳಿದರೆ ಮಾತ್ರ ಸುಳ್ಳು ಹೇಳುವವಳಲ್ಲ.

ಬಸ್ಸು ಹೊರಟಿತು. ಬಾಡಿಗೆ ಬಸ್ಸಿನ ಡ್ರೈವರ್ ಡೆಕ್ಲನ್ ಕೊಯ್ಲ್ ಹುಟ್ಟಾ ಸೆಲ್ಟಿಕ್ ಮನುಷ್ಯ. ನೀಲಿ ಸ್ಕಾರ್ಫುಗಳ ಬಸ್ಸನ್ನು ಹಸಿರಿನವನೊಬ್ಬ ಓಡಿಸುವುದು ಊರಿಗೆಲ್ಲ ನಗುವಿನ ವಿಷಯ. "ಡೆಕ್ಲನ್, ಇವತ್ತಾದ್ರೂ ನಮ್ಮನ್ನ ಹಳ್ಳಕ್ಕೆ ಇಳಿಸ್ತೀಯಾ?" ಎಂದು ಪ್ರತಿ ವಾರ ಯಾರಾದರೂ ಕೇಳುವುದು, "ಬಸ್ಸು ಒಳ್ಳೇದು ಮಾರಾಯ, ಅದನ್ನ ಹಾಳು ಮಾಡೋಕೆ ಮನಸ್ಸು ಬರಲ್ಲ," ಎಂದು ಅವನು ಹೇಳುವುದು ನಡೆದೇ ಇತ್ತು.

ಈ ಬಸ್ಸಿಗೊಂದು ನಿಯಮವಿತ್ತು. ಜಗಳ, ದೂರು, ತೀರ್ಮಾನ ಏನಿದ್ದರೂ ಫೆನಿಕ್ ಬಯಲು ದಾಟುವ ಮೊದಲೇ ಮುಗಿಯಬೇಕು. ಬಯಲು ದಾಟಿ ಗ್ಲಾಸ್ಗೋ ಕಣ್ಣಿಗೆ ಬಿದ್ದ ಮೇಲೆ ಹಾಡು ಬಿಟ್ಟು ಬೇರೆ ಮಾತಿಲ್ಲ. ತೀರ್ಮಾನಕ್ಕೆ ಕೈ ಎತ್ತುವಂತಿಲ್ಲ, ಸ್ಕಾರ್ಫ್ ಎತ್ತಬೇಕು. ಸ್ಕಾರ್ಫ್ ಮರೆತು ಬಂದವನಿಗೆ ಮತವಿಲ್ಲ.

ಕಿಲ್ಮಾರ್ನಾಕ್ ದಾಟಿದ ಮೇಲೆ ಇಶ್‌ಬೆಲ್ ಮೈಕು ತೆಗೆದುಕೊಂಡಳು. "ಸ್ಯಾಂಡಿ ಒಂದು ಬಾವುಟ ತಂದಿದ್ದಾನೆ. ಕಿಟಕಿಗೆ ಕಟ್ಬೇಕಂತೆ. ನನ್ನ ಕೇಳಿದ್ರೆ ಈ ಬಸ್ಸಿಗೆ ಒಂದೇ ಬಣ್ಣ ಸಾಕು. ಯಾರಾದ್ರೂ ಮಾತಾಡೋರಿದ್ರೆ ಮಾತಾಡಿ."

"ಮಾತೇನಿದೆ?" ಸ್ಯಾಂಡಿ ಎದ್ದು ನಿಂತ. "'ಹೌದು' ಅನ್ನೋದು ಆ ಹಸಿರಿನವರ ಹಾಡು. ನಾವು ಈ ಕಡೆಯವರು. ಇಶ್‌ಬೆಲ್, ನೀನೇ ಹೇಳು. ನಿನ್ನ ವೋಟು ಏನು?"

ಉತ್ತರ ಗೊತ್ತಿದೆ ಎಂದುಕೊಂಡೇ ಅವನು ಕೇಳಿದ್ದ. ಅವನ ಮುಖದಲ್ಲಿ ಆಗಲೇ ಗೆದ್ದ ನಗುವಿತ್ತು.

"ಹೌದು," ಎಂದಳು ಇಶ್‌ಬೆಲ್.

ಬಸ್ಸಿನಲ್ಲಿ ಚಿಪ್ಸ್ ತಿನ್ನುತ್ತಿದ್ದವರೂ ಕತ್ತೆತ್ತಿದರು.

"ಏನು ಹೌದು?"

"ನನ್ನ ವೋಟು ಕಣೋ. ಹೌದು."

ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಯಾರೋ "ನಿಮ್ಮಪ್ಪ ಇದ್ದಿದ್ರೆ ಎದೆ ಒಡೆದು ಸಾಯ್ತಿದ್ದ," ಎಂದರು.

"ನಮ್ಮಪ್ಪ ದೂಳು ಕುಡಿದು ಸತ್ತ," ಇಶ್‌ಬೆಲ್ ದನಿ ಏರಿಸದೆ ಹೇಳಿದಳು. "ಗಣಿ ಮುಚ್ಚಿದಾಗ ನಮ್ಮೂರಲ್ಲಿ ಒಬ್ಬರನ್ನೂ ಯಾರೂ ಕೇಳ್ಲಿಲ್ಲ. ಲಂಡನ್ನಲ್ಲಿ ಕೂತೋರು ಮುಚ್ಚಿದ್ರು. ಇನ್ನು ಮೇಲಾದ್ರೂ ನಮ್ಮದನ್ನ ನಾವೇ ಮುಚ್ಚೋಣ, ನಾವೇ ತೆರೆಯೋಣ. ಅಷ್ಟೇ ನನ್ನ ಲೆಕ್ಕ. ರಾಣಿ ಫೋಟೋ ಗೋಡೆ ಮೇಲೇ ಇರುತ್ತೆ. ನನ್ನ ಒಂದು ವೋಟಿಗೆ ಬೀಳೋ ಮೊಳೆ ಅಲ್ಲ ಅದು."

ಕೆಲವರು ನಕ್ಕರು. ಸ್ಯಾಂಡಿ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು. "ಹಾಗಿದ್ರೆ ಮೈಕು ಕೆಳಗಿಡು. ಆ ಕಡೆಯವಳು ಈ ಬಸ್ಸು ನಡೆಸೋಕಾಗಲ್ಲ. ಹೋಗಿ ಡೆಕ್ಲನ್ ಪಕ್ಕ ಕೂತ್ಕೋ. ನೀವಿಬ್ರೂ ಒಂದೇ ಪಾರ್ಟಿ."

"ಲೇ, ನನ್ನ ಯಾಕೋ ಎಳೀತೀಯಾ?" ಮುಂದಿನಿಂದ ಡೆಕ್ಲನ್ ಕನ್ನಡಿಯಲ್ಲಿ ನೋಡುತ್ತಾ ಹೇಳಿದ.

"ನೀನು 'ಹೌದು' ತಾನೆ?"

"ಯಾರು ಹೇಳಿದ್ರು? ನಾನು 'ಬೇಡ'."

"ಏನಂದೆ?"

"ಬೇಡ, ಧನ್ಯವಾದ ಅಂದೆ. ನಿನ್ನ ಬಾವುಟದಲ್ಲಿ ಇರೋದೇ ಅಂದೆ. ನಮ್ಮಣ್ಣ ಗೋವನ್ ಹಡಗುಕಟ್ಟೆಲಿ ಯುದ್ಧದ ಹಡಗು ಕಟ್ತಾನೆ. ಬೇರೆ ದೇಶ ಆದ್ರೆ ಆ ಹಡಗು ಇಲ್ಲಿ ಯಾರು ಕಟ್ಟಿಸ್ತಾರೆ? ಅವನಿಗೆ ಊಟ ನೀನು ಹಾಕ್ತೀಯಾ ಸ್ಯಾಂಡಿ?"

ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ನೀಲಿ ಬಸ್ಸಿನಲ್ಲಿ ಸ್ಯಾಂಡಿಯ ಪಕ್ಕ ಗಟ್ಟಿಯಾಗಿ ನಿಂತವನು ಒಬ್ಬ ಸೆಲ್ಟಿಕ್ ಅಭಿಮಾನಿ! "ಸ್ಯಾಂಡಿ, ನೀನೇ ಹೋಗಿ ಡೆಕ್ಲನ್ ಪಕ್ಕ ಕೂತ್ಕೋ!" "ಅವನಿಗೂ ಒಂದು ಸ್ಕಾರ್ಫ್ ಕೊಡ್ರೋ, ಹಸಿರು ಅಂಚು ಹಾಕಿ!" ಎಂದು ಎರಡೂ ಕಡೆಯಿಂದ ಕೂಗಿದರು.

ನಗು ತಗ್ಗಿದಾಗ ಇಶ್‌ಬೆಲ್ ಇನ್ನೂ ನಿಂತೇ ಇದ್ದಳು. ನಗುವಿನಲ್ಲಿ ವಿಷಯ ತೇಲಿಹೋಗಲು ಅವಳು ಬಿಡಬಹುದಿತ್ತು. ಬಿಡಲಿಲ್ಲ. ಅರ್ಧ ಗೆದ್ದ ಮೈಕು ಅವಳಿಗೆ ಬೇಡವಾಗಿತ್ತು.

"ಸ್ಯಾಂಡಿ ಕೇಳಿದ್ದು ನ್ಯಾಯವಾಗೇ ಇದೆ. ನಾನು ಇರ್ಬೇಕೋ ಬೇಡ್ವೋ, ಸ್ಕಾರ್ಫ್ ಎತ್ತಿ ಹೇಳಿ. ಅದಕ್ಕೂ ಮುಂಚೆ ಒಂದು ಮಾತು. ತಂಡ ತೀರಾ ಕೆಳಗಿನ ದರ್ಜೆಗೆ ಬಿದ್ದ ವರ್ಷ ಸಣ್ಣ ಸಣ್ಣ ಊರಿನ ಮೈದಾನಗಳಿಗೆ ಹೋಗ್ತಿದ್ವಲ್ಲ. ಈ ಬಸ್ಸು ಅರ್ಧ ಖಾಲಿ. ಯಾರು ಯಾರು ಬರ್ತಿದ್ರು ಅಂತ ನನಗೆ ಗೊತ್ತು. ಸ್ಯಾಂಡಿ, ಆ ಚಳಿಗಾಲ ಎಲ್ಲಿದ್ದೆ ನೀನು?"

"ನನಗೆ ಬೆನ್ನು ನೋವಿತ್ತು."

"ತಂಡ ಮೇಲೆ ಬಂದ್ಮೇಲೆ ವಾಸಿ ಆಯ್ತಾ?"

ಈ ಸಲ ನಗು ಸ್ಯಾಂಡಿಗೂ ತಡೆಯಲಾಗಲಿಲ್ಲ. ತುಟಿ ಕಚ್ಚಿ ಕಿಟಕಿಯ ಕಡೆ ತಿರುಗಿದ.

ಮೂರನೇ ಸಾಲಿನಿಂದ ಮುದುಕ ರ್ಯಾಬ್ ಹ್ಯಾನೇ ಕೋಲೂರಿ ಎದ್ದ. ಅವನು ಇಶ್‌ಬೆಲ್‌ಳ ಅಪ್ಪನ ಜೊತೆ ಗಣಿಗೆ ಇಳಿದವನು. ಅವನ ವೋಟು 'ಬೇಡ' ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಕೋಟಿನ ಮೇಲೆ ಅದರ ಬಿಲ್ಲೆಯನ್ನೇ ಚುಚ್ಚಿಕೊಂಡಿದ್ದ. "ಮಗಳೇ, ನೀನು ಹೇಳಿದ್ದು ಶುದ್ಧ ತಲೆಹರಟೆ. ಗುರುವಾರ ನಿನ್ನ ವೋಟನ್ನ ನನ್ನ ವೋಟು ಹೊಡೆದುಹಾಕುತ್ತೆ, ನೋಡ್ತಿರು. ಅದು ಗುರುವಾರದ ಮಾತು. ಇವತ್ತು ಶನಿವಾರ." ಸ್ಕಾರ್ಫ್ ಬಿಚ್ಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಇವಳೇ ಇರ್ಲಿ."

ಒಂದು, ಇನ್ನೊಂದು, ಆಮೇಲೆ ಹಿಂದಿನ ಸಾಲು ಪೂರ್ತಿ. ಬಸ್ಸಿನ ಒಳಗೆಲ್ಲ ನೀಲಿ ಎದ್ದಿತು. ಎತ್ತದೆ ಕೂತವರೂ ಇದ್ದರು, ಅವರ ಮುಖಗಳನ್ನು ಇಶ್‌ಬೆಲ್ ನೋಡಿಕೊಂಡಳು. ಕೋಪಕ್ಕಲ್ಲ, ನಾಳೆ ಅವರಿಗೂ ಟಿಕೆಟ್ ತೆಗೆಸಬೇಕಾದವಳು ಅವಳೇ. ಸ್ಯಾಂಡಿಯ ಸ್ಕಾರ್ಫ್ ಕೊರಳಲ್ಲೇ ಉಳಿಯಿತು.

"ಸರಿ, ನಾನೇ. ಇನ್ನು ಬಾವುಟ. ಕಟ್ಟೋಣ ಅನ್ನೋರು?"

ಈ ಸಲ ಎದ್ದ ಸ್ಕಾರ್ಫುಗಳು ಇನ್ನೂ ಹೆಚ್ಚಿದ್ದವು. ರ್ಯಾಬ್‌ನದೇ ಎಲ್ಲಕ್ಕಿಂತ ಮೇಲೆ. ಇಶ್‌ಬೆಲ್ ತಲೆಯಾಡಿಸಿದಳು. "ಆಯ್ತು. ಬಾವುಟ ಕಟ್ಟಿ. ಆದ್ರೆ ನನ್ನ ಸೀಟಿನ ಕಿಟಕಿ ನನ್ನದು. ಅಲ್ಲಿ ನಾನು 'ಹೌದು' ಅಂತ ಅಂಟಿಸ್ತೀನಿ."

"ಅಂಟಿಸೋಕೆ ಇದೆಯಾ?" ಯಾರೋ ಕೆಣಕಿದರು.

ಇರಲಿಲ್ಲ. ಅದನ್ನವಳು ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಏನೋ ಕೈಯಿಂದ ಕೈಗೆ ದಾಟಿ ಬರತೊಡಗಿತು. ಸಾಸೇಜು ತುಂಬಿದ ಬನ್ನಿನ ಎಣ್ಣೆ ಮೆತ್ತಿದ, ಅಂಗೈಯಗಲದ ದುಂಡು ಸ್ಟಿಕ್ಕರ್. 'ಹೌದು'.

"ಯಾರದ್ರೋ ಇದು?"

ಹಿಂದಿನ ಸಾಲುಗಳಲ್ಲಿ ಎಲ್ಲರೂ ಫೆನಿಕ್ ಬಯಲಿನ ಹುಲ್ಲನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. "ಸೀಟಿನ ಕೆಳಗೆ ಬಿದ್ದಿತ್ತು," ಎಂದಿತು ಒಂದು ದನಿ.

ಇಶ್‌ಬೆಲ್ ಅದನ್ನು ಗಾಜಿಗೆ ಒತ್ತಿ ಅಂಟಿಸಿದಳು. ಆಮೇಲೆ ಹೋಗಿ ಸ್ಯಾಂಡಿಯ ಬಾವುಟದ ಇನ್ನೊಂದು ತುದಿ ಹಿಡಿದಳು. ಅವನು ಹಾಕಿದ ಗಂಟು ಸಡಿಲವಾಗಿತ್ತು. "ಹೀಗೆ ಕಟ್ಟಿದ್ರೆ ಸೇತುವೆ ಹತ್ರಕ್ಕೇ ಉದುರುತ್ತೆ. ಬಿಡು ಇಲ್ಲಿ." ಬಿಚ್ಚಿ ಬಿಗಿಯಾಗಿ ಕಟ್ಟಿದಳು.

"ನಿನಗೇ ಇಷ್ಟ ಇಲ್ದೆ ಇರೋದನ್ನ ಇಷ್ಟು ಗಟ್ಟಿ ಕಟ್ತೀಯಲ್ಲ," ಸ್ಯಾಂಡಿ ಗೊಣಗಿದ.

"ತೀರ್ಮಾನ ಆಗಿದೆಯಲ್ಲ. ಆಗಿದ್ದನ್ನ ಸರಿಯಾಗಿ ಮಾಡ್ಬೇಕು."

ಬಯಲು ಮುಗಿಯಿತು. ಕೆಳಗೆ ಗ್ಲಾಸ್ಗೋದ ಎತ್ತರದ ಮನೆಗಳು ಕಂಡವು. ಅವಳು ಮೈಕು ಬಾಯಿಗೆ ಹಿಡಿದು ಹಾಡು ಎತ್ತಿಕೊಟ್ಟಳು. ಬಸ್ಸು ಹಿಡಿದುಕೊಂಡಿತು.

ಐಬ್ರಾಕ್ಸ್ ಮೈದಾನದ ಪಕ್ಕ ಬಸ್ಸುಗಳು ಸಾಲಾಗಿ ನಿಂತಿದ್ದವು. ಬೇರೆ ಊರಿನ ರೇಂಜರ್ಸ್ ಬಸ್ಸಿನಿಂದಿಳಿದ ದಪ್ಪ ಮನುಷ್ಯನೊಬ್ಬ ಇವರ ಬಾವುಟ ನೋಡಿ ಹೆಬ್ಬೆರಳೆತ್ತಿದ. ಮರುಕ್ಷಣ ಮುಂದಿನ ಕಿಟಕಿಯ ದುಂಡು ಸ್ಟಿಕ್ಕರ್ ಕಂಡು ಹತ್ತಿರ ಬಂದ.

"ಏನ್ರೋ ಇದು? ನಿಮ್ಮ ಬಸ್ಸಲ್ಲಿ ಯಾವ ದ್ರೋಹಿ ಕೂತಿರೋದು?"

ಇಶ್‌ಬೆಲ್ ಮೆಟ್ಟಿಲಿನಿಂದ ಇಳಿಯುತ್ತಿದ್ದಳು. ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಸ್ಯಾಂಡಿ ಅವಳನ್ನು ದಾಟಿ ಹೋಗಿ ಆ ಮನುಷ್ಯನ ಎದೆಗೆ ಎದೆ ಕೊಟ್ಟು ನಿಂತಿದ್ದ.

"ಅವಳು ನಮ್ಮ ಬಸ್ಸಿನ ಯಜಮಾನಿ. ತಲೆ ಕೆಟ್ಟಿದೆ ಅಂತ ನಮಗೆ ಗೊತ್ತು. ಅದನ್ನ ನಾವು ಹೇಳ್ಬೇಕು, ನೀನಲ್ಲ."

"ಅಲ್ಲ ಗುರು, ನಾನು ಸುಮ್ಮನೆ…"

"ಸುಮ್ಮನೆ ನಿನ್ನ ಬಸ್ಸಿನ ಹತ್ರ ಹೋಗು."

ದಪ್ಪ ಮನುಷ್ಯ ಕೈಯೆತ್ತಿ ಹಿಂದೆ ಸರಿದ. ಸ್ಯಾಂಡಿ ತಿರುಗಿದ. ಇಶ್‌ಬೆಲ್ ನೋಡುತ್ತಿದ್ದುದು ಕಂಡು ಅವನ ಕಿವಿ ಮತ್ತೆ ಕೆಂಪಾಯಿತು.

"ಸುಮ್ಮನೆ ಹಿಗ್ಬೇಡ. ಗುರುವಾರ ನಿನ್ನನ್ನ ಸೋಲಿಸ್ತೀವಿ."

"ಸೋಲಿಸು. ಶುಕ್ರವಾರ ಫೋನ್ ಮಾಡಿ ಮುಂದಿನ ಪಂದ್ಯಕ್ಕೆ ಸೀಟು ಬೇಕಾ ಅಂತ ಕೇಳ್ತೀನಿ, ಬೆನ್ನು ನೋವು ಅನ್ಬೇಡ," ಎಂದು ಅವನ ಟಿಕೆಟನ್ನು ಅವನ ಜೇಬಿಗೆ ತುರುಕಿ, ಇಶ್‌ಬೆಲ್ ತನ್ನ ಬಸ್ಸಿನವರನ್ನೆಲ್ಲ ಒಟ್ಟುಗೂಡಿಸಿಕೊಂಡು ಗೇಟಿನ ಕಡೆ ನಡೆದಳು.